ಸಾಹೇಬರಿಗೆ ಕಾದಿಟ್ಟ ಲೈನು

ಅವತ್ತು ಲೈನು ಕೆಟ್ಟಿರಲಿಲ್ಲ, ಸಾಕಮ್ಮ. ನಿಮಗೆ ನಾನು ಸುಳ್ಳು ಹೇಳಿದೆ.

ಎಪ್ಪತ್ತರ ದಶಕ. ಮಳವಳ್ಳಿ ಕಡೆಯ ನಿಮ್ಮ ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಹಂಗಾಮಿ ಆಪರೇಟರು. ಮಂಡ್ಯಕ್ಕೆ ಇದ್ದದ್ದು ಒಂದೇ ಲೈನು. ಒಂದು ಸಲಕ್ಕೆ ಒಬ್ಬರ ಮಾತು. ಆ ಮಧ್ಯಾಹ್ನ ನಮ್ಮ ಮೇಲಿನವರು, "ಈ ಲೈನು ಇವತ್ತು ಮಂಡ್ಯದಿಂದ ಇಲ್ಲಿಗೆ ಬರೋ ಸಾಹೇಬ್ರ ಕರೆಗೆ ಮಾತ್ರ ಕಣಮ್ಮ. ಬೇರೆ ಯಾರಿಗಾದ್ರೂ ಕೊಟ್ಯೋ, ನಾಳೆಯಿಂದ ಬರಬ್ಯಾಡ" ಎಂದು ಹೇಳಿ ಊಟಕ್ಕೆ ಹೋದರು. ನಾನು ಮೊದಲೇ ಪುಕ್ಕಲಿ. ಮಂಡ್ಯದ ಗಂಟೆಯೊಂದನ್ನು ಬಿಟ್ಟು, ಊರಿನ ಫೋನುಗಳ ಗಂಟೆಗೆ ಕರವಸ್ತ್ರ ತುರುಕಿ ಕೂತೆ.

ಯಾರಾದರೂ ಕರೆದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಬೀಳುತ್ತಿತ್ತು. ಆಸ್ಪತ್ರೆಯ ಮುಚ್ಚಳ ಬಿತ್ತು. ಕಂಡೆ — ಎತ್ತಲಿಲ್ಲ.

ಆಮೇಲೆ ನೀವೇ ಓಡಿಬಂದಿರಿ, ಕಾಲೆಲ್ಲ ಗದ್ದೆಯ ಕೆಸರು. "ಅವ್ವಾರೆ, ನಮ್ಮನೆಯೋರ್ಗೆ ಆವು ಕಚ್ಬುಡ್ತು. ಡಾಕ್ಟ್ರು ಪೋನ್ ಮಾಡುದ್ರೆ ಯಾರೂ ಎತ್ತಾನೇ ಇಲ್ವಂತೆ. ಮಂಡ್ಯಕ್ಕೆ ಒಂದ್ ಮಾತು ಏಳ್ಬುಡಿ, ಬಸ್ಸಲ್ಲಿ ಔಸ್ದಿ ಕಳಿಸ್ತಾರಂತೆ."

"ಲೈನ್ ಕೆಟ್ಟಿದೆ" ಎಂದೆ.

ನೀವು ಮೆಟ್ಟಿಲು ಇಳಿಯುವ ಮೊದಲೇ ಮಂಡ್ಯದ ಗಂಟೆ ಬಡಿಯಿತು. ನೀವು ನಿಂತಿರಿ. ಈಗ ತಿರುಗುತ್ತೀರಿ, ಈಗ ಕೇಳುತ್ತೀರಿ... ನೀವು ಸೆರಗು ಸಿಕ್ಕಿಸಿಕೊಂಡು ಮತ್ತೆ ಓಡಿದಿರಿ.

ಸಾಹೇಬರು ಹೇಳಿದ್ದಿಷ್ಟು: ರಾತ್ರಿ ಸರ್ಕಾರಿ ಬಂಗಲೆ ಐ.ಬಿ.ಯಲ್ಲಿ ಊಟಕ್ಕೆ ಮುದ್ದೆ ಬೇಡ, ಅನ್ನ ಮಾಡಿಸಿ.

ಅದಾದ ಮೇಲೆ ಲೈನು ಬಿಡುವಾಗಿತ್ತು. ಆಗಲಾದರೂ ಡಾಕ್ಟರಿಗೆ ಕೊಡಬಹುದಿತ್ತು. ಕೆಟ್ಟ ಲೈನು ಇಷ್ಟು ಬೇಗ ಹೇಗೆ ಸರಿಹೋಯಿತು ಎಂದು ಯಾರಾದರೂ ಕೇಳಿದರೆ — ಆ ಹೆದರಿಕೆಗೆ ಕೈ ಮೇಲೇಳಲಿಲ್ಲ. ಮೊದಲನೆಯದು ಕೆಲಸ ಹೋಗುವ ಭಯ ಎಂದುಕೊಳ್ಳಿ. ಇದಕ್ಕೆ ಏನೆನ್ನಲಿ?

ಸಂಜೆ ಮಂಡ್ಯದ ಬಸ್ಸು ನನ್ನ ಕಿಟಕಿಯ ಮುಂದೆ ಹಾದುಹೋಯಿತು. ಅದರಲ್ಲಿ ಔಷಧಿ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ನಿಮ್ಮ ಯಜಮಾನರು ಹೋಗಿಬಿಟ್ಟರು.

ತಿಥಿಯಾದ ಮೇಲೆ ಸಂತೆಯಲ್ಲಿ ಸಿಕ್ಕಿದಿರಿ. ತಪ್ಪಿಸಿಕೊಳ್ಳಲು ನೋಡಿದೆ. ನೀವೇ ಹತ್ತಿರ ಬಂದು, "ಲೈನೇ ಕೆಟ್ಟಿದ್ರೆ ನೀವೇನ್ ಮಾಡೀರಿ, ಬುಡಿ ಅವ್ವಾರೆ" ಎಂದಿರಿ. ಆ ಗಂಟೆ ನಿಮಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಹಾಗೆ ಅಂದಿರೋ — ಇಷ್ಟು ವರ್ಷ ಇದನ್ನೇ ನೆನೆದು ಬೆವರಿದ್ದೇನೆ.

ಔಷಧಿ ಬಂದಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆ ಮಾತಿನ ಹಿಂದೆ ಅವಿತುಕೊಳ್ಳುವುದಿಲ್ಲ. ಇಷ್ಟು ದಿನ ಮನಸ್ಸಿನಲ್ಲೇ ನಿಮಗೆ ಹೇಳಿಕೊಂಡದ್ದಾಯಿತು; ನಾಳೆ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನೀವು ಕೂರಿಸಿ ನೀರು ಕೊಡುವ ಮೊದಲೇ, ಬಾಗಿಲಲ್ಲೇ ನಿಂತು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ನೀವು "ಅವತ್ತೇ ಗೊತ್ತಿತ್ತು ಕಣವ್ವ" ಎಂದುಬಿಟ್ಟರೆ — ನಾನು ಎಲ್ಲಿಗೆ ಹೋಗಲಿ, ಸಾಕಮ್ಮ?