ಶಿಡ್ಲಘಟ್ಟದಲ್ಲಿ ಗೂಡು ಎಂದರೆ

ಶಿಡ್ಲಘಟ್ಟಕ್ಕೆ ಬಂದ ಮೊದಲ ಬೆಳಿಗ್ಗೆ ಕಿಟಕಿ ತೆರೆದವಳೇ ಮೂಗು ಮುಚ್ಚಿಕೊಂಡೆ. ಬೆಂದ ರೇಷ್ಮೆಹುಳುವಿನ ವಾಸನೆ ಬೀದಿ ತುಂಬ ನಿಂತಿತ್ತು. ಉತ್ತರ ಕರ್ನಾಟಕದ ನಮ್ಮ ವಿಜಯಪುರದಲ್ಲಿ ಬೆಳಗಾಯಿತೆಂದು ತಿಳಿಯುವುದು ರೊಟ್ಟಿ ಬಡಿಯುವ ಸದ್ದಿನಿಂದ. ಇಲ್ಲಿ ಈ ವಾಸನೆಯಿಂದ.

ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆ ಸಂಜೆ ಓದು ಬರಹ ಕಲಿಸುವುದು ನನ್ನ ಕೆಲಸ. ಮೊದಲ ದಿನ ಹಕ್ಕಿಗೂಡಿನ ಚಿತ್ರ ತೋರಿಸಿ ‘ಗೂಡು’ ಎಂದು ಬರೆದೆ. ಅವರಲ್ಲೊಬ್ಬಳು, ಮುನಿಯಮ್ಮ, ನಕ್ಕಳು.

“ಗೂಡು ಅಂದ್ರೆ ಇದಲ್ಲ ಕಣಮ್ಮ. ನಾವು ದಿನಾ ಬಿಸಿನೀರಲ್ಲಿ ಬೇಯಿಸ್ತೀವಲ್ಲ, ಅದು.”

ರೇಷ್ಮೆಹುಳು ತನ್ನ ಸುತ್ತ ಕಟ್ಟಿಕೊಳ್ಳುವ ನೂಲಿನ ಕೋಶಕ್ಕೆ ಇಲ್ಲಿ ಗೂಡು ಎನ್ನುತ್ತಾರೆ. ನಾನು ಪುಸ್ತಕ ಮುಚ್ಚಿಟ್ಟೆ. ಅವರು ಹೇಳಿದ ಪದಗಳನ್ನೇ ಬರೆಯತೊಡಗಿದೆವು. ಗೂಡು, ನೀರು, ಕೈ.

‘ಕೈ’ ಬರೆದ ಸಂಜೆ ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು.

“ಉಣ್ಣೋವಾಗ ಸಾರು ತಾಕಿದ್ರೆ ಉರೀತದೆ. ಕೈ ಒಣಗೋಕೂ ಬಿಡಲ್ಲ,” ಎಂದಳು ಶಮೀಮ್.

“ಯಾಕೆ ಹೀಗೆ?” ಎಂದೆ.

“ಹಣೇಬರಾ,” ಎಂದು ಹಿಂದಿನಿಂದ ಯಾರೋ ಅಂದರು.

ಮುನಿಯಮ್ಮ ಹಿಂದಕ್ಕೆ ತಿರುಗಿದಳು. “ಹಣೇಲಿ ಬರ್ದೋರು ಯಾರು? ಮಧ್ಯಾಹ್ನ ಮಿಷನ್ ನಿಲ್ಲಿಸಬ್ಯಾಡಿ ಅಂದಿದ್ದು ಓನರು ತಾನೆ?”

ಮರುವಾರ ಅವರೆಲ್ಲ ಸೇರಿ ಊಟಕ್ಕೆ ಒಂದು ಗಂಟೆ ಬಿಡುವು ಕೇಳಿದರು. ಆ ಓನರೇ ನನ್ನ ಬಾಡಿಗೆ ಮನೆಯ ಯಜಮಾನರು. ಬಾಗಿಲಲ್ಲಿ ನಿಂತು ತಣ್ಣಗೆ ಹೇಳಿದರು: “ಅಕ್ಷರ ಕಲಿಸಿ ಮೇಡಂ, ಮಾತು ಕಲಿಸಬೇಡಿ. ಈ ತಿಂಗಳೇ ಮನೆ ಖಾಲಿ ಮಾಡಿಬಿಡಿ.”

ನನಗೆ ಹೆದರಿಕೆಯಾಯಿತು. ಒಂಟಿ ಹೆಂಗಸಿಗೆ ಜಾತಿ ಕೇಳದೆ ಮನೆ ಕೊಡುವವರು ನಮ್ಮೂರಲ್ಲಿಯೂ ಕಡಿಮೆ, ಇಲ್ಲಿಯೂ ಕಡಿಮೆ. ಪಾಠ ನಿಲ್ಲಿಸಿಬಿಡಲೇ ಎಂದು ಶಮೀಮಳನ್ನೇ ಕೇಳಿದೆ.

“ನೀವು ನಿಲ್ಲಿಸಿದ್ರೆ ನಾವು ಕೇಳಿದ್ದು ತಪ್ಪು ಅಂತಾಗಲ್ವಾ?” ಎಂದಳು. ತಮ್ಮ ಮನೆಯ ಮಹಡಿಯ ಕೋಣೆ ಖಾಲಿ ಮಾಡಿಸಿ ಕೊಟ್ಟಳು.

ಬಿಡುವು ಸಿಕ್ಕಿತು, ಅರ್ಧ ಗಂಟೆ. ಆದರೆ ಮೊದಲು ಬಾಯಿ ತೆರೆದ ಮುನಿಯಮ್ಮನನ್ನು ಕೆಲಸದಿಂದ ತೆಗೆದರು. ಈಗ ಆಕೆ ಜಂಗಮಕೋಟೆ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ, ಸಂಜೆ ಬಸ್ಸು ಹಿಡಿದು ಪಾಠಕ್ಕೆ ಬರುತ್ತಾಳೆ. ‘ಬಿಡುಗಡೆ’ ಎಂಬ ಪದವನ್ನು ಅವಳ ಕೈಯಲ್ಲಿ ಬರೆಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವ, “ನಿನ್ನ ಮಾತು ಆ ಕಡೀದಾಗೇತಿ. ಸಾಕು, ಹೊಳ್ಳಿ ಊರಿಗೆ ಬಾ,” ಎಂದಳು.

“ಮುನಿಯಮ್ಮಗ ಇನ್ನೂ ಒತ್ತಕ್ಷರ ಬಂದಿಲ್ಲವ್ವ.”

ಇಂದಿಗೂ ಹೆಬ್ಬೆಟ್ಟು ಒತ್ತುವ ಅವ್ವ ನನ್ನನ್ನೇ ನೋಡಿದಳು. “ನಿಮ್ಮವ್ವಗ ಅಕ್ಷರ ಬಂದಾವೇನು?”