ಮಗುವಿನ ಶ್ರುತಿಗೆ ಇಳಿದ ಮೇಷ್ಟ್ರು

ಹಾರ್ಮೋನಿಯಂ ಮುಂದೆ, ಮಕ್ಕಳು ಅದರ ಹಿಂದೆ. ಎಲ್ಲ ಶಾಲೆಗಳಲ್ಲೂ ನಾನು ಕಂಡಿದ್ದು ಇದನ್ನೇ. ಬಿ.ಜಿ. ಕೆರೆ ಹತ್ತಿರದ ನಮ್ಮ ಶಾಲೆಯಲ್ಲಿ ಮಾತ್ರ ಹಾರ್ಮೋನಿಯಂ ಮಕ್ಕಳ ಬೆನ್ನು ಹತ್ತಿ ಓಡುತ್ತಿತ್ತು. ಓಡಿಸುತ್ತಿದ್ದವರು ಸಂಗೀತದ ಮೇಷ್ಟ್ರು ತಿಪ್ಪೇಸ್ವಾಮಿ. ಮಕ್ಕಳ ಸಾಲಿನಲ್ಲೇ ನೆಲಕ್ಕೆ ಕೂತು, ಮಗು ತನ್ನ ಮನೆಯಲ್ಲಿ ಕೇಳಿದ ಹಾಡು ಎತ್ತಿಕೊಂಡ ಮೇಲೆ, ಕಣ್ಣು ಮುಚ್ಚಿ ಅದರ ಶ್ರುತಿ ಹುಡುಕುವರು. ಸಿಕ್ಕಿತೋ, "ಹಾಂ, ಇಲ್ಲೈತೆ ನೋಡು ನಿನ್ ಮನೆ! ನಡಿ, ನಾನೂ ಬರ್ತೀನಿ" ಅನ್ನುವರು.

ನನಗೂ ಪಾಠ ಹೇಳುವರು: "ಮಗು ಎಲ್ಲೈತೋ ಅಲ್ಲಿಗೆ ನಾವ್ ಹೋಗ್ಬೇಕು ಸಾರ್. ನಮ್ಮತ್ರ ಬಾ ಅಂದ್ರೆ ಬರ್ತೈತೆ. ಹಾಡನ್ನ ಅಲ್ಲೇ ಬಿಟ್ಟು ಬರ್ತೈತೆ."

ನಾನು ಮುಖ್ಯೋಪಾಧ್ಯಾಯ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಆಸಾಮಿ. ಸಂಗೀತದ ತರಗತಿಯಿಂದ ತೆಲುಗು ಲಾಲಿಯೋ ಕಳೆ ಕೀಳುವ ಪದವೋ ಕೇಳಿಬಂದರೆ, ಈಗ ತಪಾಸಣೆಗೆ ಸಾಹೇಬರು ಬಂದುಬಿಟ್ಟರೆ ಎಂದು ಎದ್ದು ಗೇಟಿನತ್ತ ಇಣುಕುತ್ತಿದ್ದೆ.

ಒಮ್ಮೆ ಮೊಳಕಾಲ್ಮೂರಿನಲ್ಲಿ ಸಮೂಹಗಾನ ಸ್ಪರ್ಧೆ. ನಮ್ಮ ಆರು ಹುಡುಗಿಯರಲ್ಲಿ ಆರನೇ ತರಗತಿಯ ನಾಗವೇಣಿಯದು ತಗ್ಗಿನ, ದಪ್ಪ ದನಿ. ವೇದಿಕೆ ಹತ್ತುವ ಮುಂಚೆ ಮೇಷ್ಟ್ರ ಕಣ್ಣು ತಪ್ಪಿಸಿ ಅವಳ ಕಿವಿಯಲ್ಲಿ ಹೇಳಿದೆ: "ನೀನು ಸುಮ್ನೆ ಬಾಯಿ ಆಡ್ಸಮ್ಮ, ಸಾಕು."

ಹಾಗೇ ಮಾಡಿದಳು. ಎರಡನೇ ಬಹುಮಾನವೂ ಬಂತು. ಅಂದಿನಿಂದ ಅವಳು ತರಗತಿಯಲ್ಲೂ ಬಾಯಷ್ಟೇ ಆಡಿಸತೊಡಗಿದಳು. ಕೇಳಿದರೆ, ಕೆಮ್ಮು ಅಂದಳು. ಎರಡು ವಾರವಾದರೂ ಕೆಮ್ಮು ಹೋಗದಿದ್ದಾಗ ಮೇಷ್ಟ್ರು ಅವಳ ಗೆಳತಿಯರಿಂದ ವಿಷಯ ತಿಳಿದು ನನ್ನ ಕೋಣೆಗೆ ಬಂದರು. ಬೈದಿದ್ದರೆ ಹಗುರಾಗುತ್ತಿತ್ತು.

"ಹಾಡನ್ನ ಅವ್ಳ ದನಿಗೆ ಇಳಿಸ್ಬೇಕಿತ್ತು ಸಾರ್. ಬಹುಮಾನದ ಆಸೆಗೆ ನಾನೂ ಇಳಿಸ್ಲಿಲ್ಲ. ನಾಳೆ ಆರನೇ ಕ್ಲಾಸಿಗೆ ಬರ್ರಿ. ನೀವು ಹಾಡ್ಬೇಕು."

"ನಾನಾ? ಹಾಡೋಕೆ ಬರಲ್ಲ ರೀ ನನಗೆ."

"ಅದಕ್ಕೇ ಕರೀತಿರೋದು."

ಮರುದಿನ ಮಡಚಲೊಲ್ಲದ ಮಂಡಿಗಳನ್ನು ಮಡಚಿ ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂತೆ. ನಮ್ಮವ್ವ ಹುಣಸೆಹಣ್ಣು ಬಿಡಿಸುತ್ತ ಗುನುಗುತ್ತಿದ್ದ ಪದವೊಂದೇ ನೆನಪಿದ್ದದ್ದು. ಎತ್ತಿಕೊಂಡೆ. ಎರಡನೇ ಸಾಲಿಗೇ ದನಿ ಒಡೆಯಿತು. ಮೇಷ್ಟ್ರು ಬೇಕೆಂದೇ ಹಾರ್ಮೋನಿಯಂ ಮುಟ್ಟಲಿಲ್ಲ.

"ಸಾರ್‌ಗೆ ಮನೇನೇ ಇಲ್ಲ ಮೇಷ್ಟ್ರೇ!" ಅಂದಳೊಬ್ಬಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.

"ಐತೆ. ಇನ್ನೂ ಕೆಳಗೈತೆ." ಕೊನೆಯ ಸಾಲಿನಿಂದ ನಾಗವೇಣಿ. "ಹಿಂಗೆ ಸಾರ್" ಎಂದು ನನ್ನ ಪದವನ್ನೇ ತಗ್ಗಿನಲ್ಲಿ ಹಾಡಿ ತೋರಿಸಿದಳು. ಅವಳ ದನಿಯನ್ನು ಹಿಡಿದುಕೊಂಡು ನಾನೂ ಹಾಡುತ್ತ ಹೊರಟೆ. ಆಮೇಲೆ ಹಾರ್ಮೋನಿಯಂ ಬಂತು.

ಪೀರಿಯಡ್ ಮುಗಿದ ಮೇಲೆ ಅವಳಲ್ಲಿ ತಪ್ಪಾಯಿತೆಂದೆ. "ಇರ್ಲಿ ಬಿಡ್ರಿ ಸಾರ್. ದಿನಾ ಪ್ರಾಕ್ಟೀಸ್ ಮಾಡ್ರಿ" ಅಂದಳು.

ಆ ವರ್ಷವೇ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹೋದ ತಿಂಗಳು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸಂಗೀತದ ಪೀರಿಯಡ್ಡು ನನ್ನ ತಲೆಗೇ ಬಂದಿದೆ, ಯಾವ ಹಾಡು ಕಲಿಸಲಿ ಎಂದು ಗೋಳಾಡಿದೆ.

"ನನ್ನ ಯಾಕ್ ಕೇಳ್ತೀರಿ ಸಾರ್? ಅವ್ರನ್ನ ಕೇಳ್ರಿ" ಅಂದವರೇ ಬಸ್ಸು ಹತ್ತಿದರು.

ಮರುದಿನ ತರಗತಿಯಲ್ಲಿ, ಯಾರ ಮನೆಯ ಹಾಡು ಹಾಡೋಣ ಎಂದು ಮಕ್ಕಳನ್ನೇ ಕೇಳಿದೆ. ಎಲ್ಲರೂ ಕೈ ಎತ್ತಿದರು. ನಾಗವೇಣಿ ಎತ್ತಲಿಲ್ಲ. ಅವಳು ಆಗಲೇ ಶುರು ಮಾಡಿಬಿಟ್ಟಿದ್ದಳು.