ಚರ್ಮಕ್ಕೆ ಉಣಿಸುವ ಜಯಲತಾ

ಬೆಳಗಿನ ಆರೂವರೆ. ಠಾಣೆಗೆ ಹತ್ತಿರದ ಮಹಾಪೆಯ ಕಾರ್ಖಾನೆಗಳ ಸಾಲಿನಲ್ಲಿರುವ ಒಂದು ಕಟ್ಟಡದ ಎರಡನೇ ಮಹಡಿ. ಕಣ್ಣು ಮಾತ್ರ ಕಾಣುವಂತೆ ಬಿಳಿ ನಿಲುವಂಗಿ ತೊಟ್ಟ ಜಯಲತಾ ಅಮೀನ್ ಉಕ್ಕಿನ ಪೆಟ್ಟಿಗೆಯೊಂದರ ಮುಂದೆ ನಿಲ್ಲುತ್ತಾರೆ. ಬಾಗಿಲು ತೆರೆಯುವ ಮೊದಲು ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ತಟ್ಟುತ್ತಾರೆ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ತೆರೆಯುತ್ತಾರೆ.

ಒಳಗೆ ಮನುಷ್ಯರ ಮೈಯಷ್ಟೇ ಬಿಸಿ, ಮೂವತ್ತೇಳು ಡಿಗ್ರಿ. ನಾಲ್ಕು ಹಲಗೆಗಳ ಮೇಲೆ ಅರುವತ್ತನಾಲ್ಕು ಮುಚ್ಚಿದ ತಟ್ಟೆಗಳು. ತಟ್ಟೆಗಳಲ್ಲಿ ಗುಲಾಬಿ ಬಣ್ಣದ ನೀರು, ನೀರಿನೊಳಗೆ ತೆಳುವಾದ ಪದರ. ದೊಡ್ಡ ತಟ್ಟೆಗಳಲ್ಲಿರುವುದು ಸುಟ್ಟ ಮೈಗೆ ಹಚ್ಚುವ ಚರ್ಮ. ಸಣ್ಣವುಗಳಲ್ಲಿರುವುದು ಸವೆದ ಒಸಡಿಗೆ ಹೊಲಿಯುವ ತುಂಡುಗಳು. ಎಲ್ಲವೂ ಯಾರ್ಯಾರದೋ ಮೈಯಿಂದ ಬಂದವು. ಎಲ್ಲಕ್ಕೂ ಜೀವವಿದೆ.

ನಲವತ್ತೊಂದನೇ ತಟ್ಟೆಯ ಒಡೆಯ ವಿಠಲ ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ. ಅಂದೇ ಸಂಜೆ ಕಲ್ಯಾಣದಲ್ಲಿ ಮಣ್ಣು ಮಾಡಿದ್ದಾರೆ. ಇವತ್ತು ಸೋಮವಾರ. ಅವರ ಚರ್ಮ ಇನ್ನೂ ಬೆಳೆಯುತ್ತಿದೆ.

"ಹತ್ತು ಗಂಟೆಗೆ ಇದನ್ನು ಮುಗಿಸಬೇಕು," ಎನ್ನುತ್ತಾರೆ ಜಯಲತಾ. "ಅಷ್ಟರೊಳಗೆ ಅವರ ಹೆಂಡತಿ ಇಲ್ಲಿಗೆ ಬಂದು ಮುಟ್ಟಿದ್ರೆ ಸಾಕು."

ರೋಗಿ ತೀರಿಕೊಂಡರೆ ಅವರ ಜೀವಕೋಶಗಳನ್ನು ನಾಶ ಮಾಡಬೇಕೆಂಬುದು ಇಲ್ಲಿನ ನಿಯಮ. ಯಾರಿಗೂ ಕೊಡುವಂತಿಲ್ಲ, ಇನ್ನೊಬ್ಬರಿಗೆ ಹಚ್ಚುವಂತಿಲ್ಲ. ಆದರೆ ನಿನ್ನೆ ಬೆಳಿಗ್ಗೆ ವಿಠಲರ ಹೆಂಡತಿ ಮಾರೆಮ್ಮ ಜಯಲತಾಗೆ ಫೋನ್ ಮಾಡಿದ್ದಾರೆ. 'ಅವರದೊಂದು ತುಂಡು ನಿಮ್ಮಲ್ಲಿ ಐತಂತಲ್ರಿ, ಒಮ್ಮೆ ನೋಡಬೇಕು' ಎಂದಿದ್ದಾರೆ. ರಾಯಚೂರಿನ ಕಡೆಯ ಈ ದಂಪತಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲು ಆಸ್ಪತ್ರೆಗೆ ಹೋಗಿದ್ದವರು ಜಯಲತಾ. ಹೋಟೆಲಿನಲ್ಲಿ ವಡೆ ಕರಿಯುತ್ತಿದ್ದ ವಿಠಲರ ಎದೆಯ ಮೇಲೆ ಬಾಣಲೆಯ ಎಣ್ಣೆ ಮಗುಚಿತ್ತು. ತೊಡೆಯಿಂದ ತೆಗೆದ, ಉಗುರಿನಷ್ಟಗಲದ ಚರ್ಮ ಇಲ್ಲಿಗೆ ಬಂದು ಹದಿನೆಂಟು ದಿನವಾಗಿದೆ. ಈಗ ಅದು ಅಂಗೈಯಷ್ಟಾಗಿದೆ.

ಅದು ಬೆಳೆಯುವ ಬಗೆಯನ್ನು ಜಯಲತಾ ತಮ್ಮದೇ ರೀತಿಯಲ್ಲಿ ವಿವರಿಸುತ್ತಾರೆ. "ಬಸಳೆಗೆ ಚಪ್ಪರ ಹಾಕ್ತೇವಲ್ಲ, ಹಾಗೆಯೇ. ತೂತು ತೂತಾದ ಒಂದು ಹಾಳೆ ಉಂಟು, ಅದರ ಮೇಲೆ ಕೋಶ ಬಿತ್ತುವುದು. ಅವು ಹಬ್ಬಿ ಒಂದನ್ನೊಂದು ಹಿಡ್ಕೊಳ್ತವೆ. ಮೈಗೆ ಹಚ್ಚಿದ ಮೇಲೆ ಚಪ್ಪರ ಕರಗಿ ಹೋಗ್ತದೆ, ಬಳ್ಳಿ ಉಳೀತದೆ." ಕೋಶಗಳ ಊಟವೇ ಆ ಗುಲಾಬಿ ನೀರು. ಹಳೆಯದನ್ನು ಹೀರಿ ತೆಗೆದು ಹೊಸತು ಹಾಕಬೇಕು. ಹಳದಿಗೆ ತಿರುಗಿದರೆ ಹಸಿದಿವೆ ಎಂದರ್ಥ. ದಿನಕ್ಕೆ ಮೂವತ್ತೆರಡು ತಟ್ಟೆ, ಮರುದಿನ ಉಳಿದ ಮೂವತ್ತೆರಡು.

ಕಾಪು ಬಳಿಯ ಊರಿನಿಂದ ಮದುವೆಯಾಗಿ ಠಾಣೆಯ ಕೋಪರಿಗೆ ಬಂದಾಗ ಜಯಲತಾಗೆ ಇಪ್ಪತ್ತೆರಡು. ಈಗ ನಲವತ್ತೆಂಟು. ಪತಿ ಮೋಹನದಾಸ ಇದೇ ಕಟ್ಟಡದ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಲ್ಯಾಬಿನ ಗಾಜಿನ ಸೀಸೆ ತೊಳೆಯಲು ಜನ ಬೇಕಿತ್ತು, ಜಯಲತಾ ಬಂದರು. ಒಂದು ದೀಪಾವಳಿಗೆ ಎಲ್ಲರೂ ರಜೆ ಹಾಕಿದಾಗ ತಟ್ಟೆಗಳಿಗೆ ಉಣಿಸುವ ಕೆಲಸ ಅವರ ಕೈಗೆ ಬಂತು. ಮತ್ತೆ ಬಿಡಲಿಲ್ಲ. "ಪಿಎಚ್‌ಡಿ ಮಾಡಿದ ಮಕ್ಕಳು ಬರ್ತಾರೆ, ಎರಡು ವರ್ಷ ಇದ್ದು ಜರ್ಮನಿಗೆ ಹೋಗ್ತಾರೆ. ನಾನು ಕೋಪರಿಗೆ ಹೋಗ್ತೇನೆ," ಎಂದು ನಗುತ್ತಾರೆ.

ನಸುಕಿಗೇ ಠಾಣೆಯಿಂದ ವಾಶಿ ಲೋಕಲ್ ರೈಲು, ಘಣಸೋಲಿಯಲ್ಲಿ ಇಳಿದು ರಿಕ್ಷಾ. ಗಣಪತಿ ಹಬ್ಬಕ್ಕೂ ರಜೆಯಿಲ್ಲ, ಕೋಶಗಳಿಗೆ ಹಬ್ಬ ಗೊತ್ತಿಲ್ಲ. ಜ್ವರ ಬಂದರೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಮಳೆಯಲ್ಲಿ ನೆನೆಯುವಂತಿಲ್ಲ. ಕೈಗವಸಿನೊಳಗೆ ಬೆವೆತು ಬೆರಳುಗಳು ಬಿಳಿಚಿ ನೆರಿಗೆಗಟ್ಟಿವೆ. ಮಗಳು ಅನುಷ್ಕಾಗೆ ಅಮ್ಮನ ಕೆಲಸದ ಸುದ್ದಿಯೇ ಬೇಡ. "'ಮಮ್ಮಿ, ಖಾನೆ ಕೆ ಟೈಮ್ ಸ್ಕಿನ್ ಕೀ ಬಾತ್ ಮತ್ ಕರೊ' ಅಂತಾಳೆ. ಊಟದ ಹೊತ್ತಿಗೆ ಚರ್ಮದ ಮಾತು ಬೇಡ ಅಂತ."

ಬಾಗಿಲು ತಟ್ಟುವುದೇಕೆ?

ಜಯಲತಾ ಸ್ವಲ್ಪ ಸಂಕೋಚಪಡುತ್ತಾರೆ. "ನಮ್ಮ ಮನೆಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ಕೂತ್ಕೊಳ್ತೇವೆ. ಪುನಃ ಒಳಗೆ ಹೋಗುವಾಗ ತಟ್ಟಿಯೇ ಹೋಗಬೇಕು. ಉಣ್ಣುವವರಿಗೆ ಗಾಬರಿ ಆಗಬಾರದಲ್ಲ ಮಾರಾಯ್ರೆ. ಇಲ್ಲಿ ಇರುವವರೆಲ್ಲ ಬದುಕಿದವರೇ. ಆದ್ರೂ ಕೈಗೆ ಅಭ್ಯಾಸ."

ಅವರು ನಲವತ್ತೊಂದನೇ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅಂಚಿನಲ್ಲಿ, ಪದರ ಇನ್ನೂ ತೆಳುವಾಗಿರುವ ಕಡೆ, ಚಪ್ಪಟೆ ಕೋಶಗಳು ಕಲ್ಲುಹಾಸಿನಂತೆ ಒತ್ತೊತ್ತಾಗಿ ಕೂತಿವೆ. ನಡುವೆ ಒಂದು ದುಂಡಗಾಗಿದೆ. ನೋಡನೋಡುತ್ತ ಅದರ ಸೊಂಟ ಸಣ್ಣದಾಗುತ್ತದೆ. ಸ್ವಲ್ಪ ಹೊತ್ತಿಗೆ ಅಲ್ಲಿ ಎರಡಿವೆ.

ನೀರು ಗುಲಾಬಿಯಾಗಿಯೇ ಇದೆ. ಇರಬಾರದಿತ್ತು. ಸಾವಿನ ಸುದ್ದಿ ಬಂದ ಮೇಲೆ ಆ ತಟ್ಟೆಗೆ ಉಣಿಸುವಂತಿಲ್ಲ. ಸುದ್ದಿ ಗೊತ್ತಿದ್ದೂ ನಿನ್ನೆ ಜಯಲತಾ ಉಣಿಸಿದ್ದಾರೆ, ದಾಖಲೆಯಲ್ಲಿ ಅದನ್ನು ಬರೆದೂ ಇದ್ದಾರೆ. ಉಣಿಸದಿದ್ದರೆ ಇಷ್ಟು ಹೊತ್ತಿಗೆ ನೀರು ಹಳದಿಗಟ್ಟುತ್ತಿತ್ತು.

ಲ್ಯಾಬಿನ ಮುಖ್ಯಸ್ಥ ಅಭಿಜಿತ್ ಡೊಂಬಿವಲಿಯ ಮರಾಠಿ ಯುವಕ. ಒಂಬತ್ತಕ್ಕೆ ಬಂದವರೇ ಗೋಡೆಯ ಗಡಿಯಾರ ತೋರಿಸುತ್ತಾರೆ. "ಮಾವಶಿ, ದಹಾ ಮ್ಹಣಜೇ ದಹಾ." ಚಿಕ್ಕಮ್ಮಾ, ಹತ್ತು ಅಂದರೆ ಹತ್ತು. ಜಯಲತಾ ತಲೆಯಾಡಿಸುತ್ತಾರೆ. ಒಂಬತ್ತೂಕಾಲಿಗೆ ಸುದ್ದಿ ಬರುತ್ತದೆ: ಮಾರೆಮ್ಮ ಬರುತ್ತಿರುವ ಕಲ್ಯಾಣದ ಲೋಕಲ್ ದಿವಾ ಬಳಿ ನಿಂತುಬಿಟ್ಟಿದೆ. ಜಯಲತಾ ಬೇರೆ ತಟ್ಟೆಗಳಿಗೆ ಉಣಿಸುತ್ತಾರೆ. ಅವರ ಕಣ್ಣು ಮಾತ್ರ ಮತ್ತೆ ಮತ್ತೆ ಗಡಿಯಾರಕ್ಕೆ ಹೋಗುತ್ತದೆ.

ಒಂಬತ್ತು ಐವತ್ತೆರಡಕ್ಕೆ ಮಾರೆಮ್ಮ ಕಾರಿಡಾರಿನ ಗಾಜಿನಾಚೆ ನಿಂತಿದ್ದಾರೆ. ಸಣಕಲು ಹೆಂಗಸು, ಬಳೆಯಿಲ್ಲದ ಬರಿಗೈ. ಜಯಲತಾ ಈಚೆಯಿಂದ ತಟ್ಟೆಯನ್ನು ಗಾಜಿನ ಹತ್ತಿರ ಹಿಡಿಯುತ್ತಾರೆ. ಗೋಡೆಯ ಫೋನಿನಲ್ಲಿ ಮಾತು.

"ಜೀವ ಐತೇನ್ರಿ ಅಕ್ಕಾ?"

"ಉಂಟು."

ಮಾರೆಮ್ಮ ಗಾಜಿಗೆ ಹಣೆ ಹಚ್ಚಿ ನೋಡುತ್ತಾರೆ. "ಹಂಗಾರ ಇದಕ್ಕಿನ್ನಾ ಗೊತ್ತಿಲ್ಲ."

ಜಯಲತಾ ತಟ್ಟೆಯನ್ನು ಗಾಜಿಗೆ ಇನ್ನಷ್ಟು ಹತ್ತಿರ ತರುತ್ತಾರೆ.

"ನೋವು ಆಗತೈತಾ ಇದಕ್ಕ?"

"ಇಲ್ಲ ಮಾರೆಮ್ಮ. ಇದಕ್ಕೆ ನರ ಇಲ್ಲ."

"ಅವರು ಹೊದಿಸಿದ ಅರಿವಿ ತಾಕಿದ್ರ ಒದರತಿದ್ರು. ನೋವಿಲ್ದಂಗ ಇಷ್ಟರ ಇದ್ದರಲ್ಲ ನಿಮ್ಮ ಕೈಯಾಗ." ಸೆರಗಿನಿಂದ ಗಾಜಿನ ಮೇಲಿನ ತಮ್ಮ ಉಸಿರಿನ ಮಂಜು ಒರೆಸುತ್ತಾರೆ. "ಸಾಕ್ರಿ ಅಕ್ಕಾ. ಇನ್ನ ಕಳಸ್ರಿ."

ಹತ್ತಕ್ಕೆ ಜಯಲತಾ ತಟ್ಟೆಗೆ ಬ್ಲೀಚ್ ಸುರಿಯುತ್ತಾರೆ. ಗುಲಾಬಿ ಬಣ್ಣ ಹೋಗಿ ಬರೀ ನೀರಾಗುತ್ತದೆ. ಅರ್ಧ ಗಂಟೆ ಹಾಗೆಯೇ ಬಿಡಬೇಕು. ಅಷ್ಟೂ ಹೊತ್ತು ಅವರು ಒಳಗೆ, ಮಾರೆಮ್ಮ ಹೊರಗೆ. ಇಬ್ಬರೂ ಕುಳಿತುಕೊಳ್ಳುವುದಿಲ್ಲ.

ಮಾರೆಮ್ಮ ಹೋದ ಮೇಲೆ ಅಭಿಜಿತ್ ಒಂದು ಹಾಳೆ ತರುತ್ತಾರೆ. ಭಾನುವಾರ ನಿಯಮ ಮೀರಿ ಉಣಿಸಿದ್ದಕ್ಕೆ ವಿವರಣೆ ಬೇಕು. ಎರಡು ಸಲ ಹೀಗಾದರೆ ಜಯಲತಾರನ್ನು ಮತ್ತೆ ಸೀಸೆ ತೊಳೆಯಲು ಕಳಿಸಬಹುದು. ಇದು ಮೊದಲನೆಯದು. "ಕಾರಣ್ ಕ್ಯಾ ಲಿಖೂಂ, ಮಾವಶಿ?" ಕಾರಣ ಏನಂತ ಬರೆಯಲಿ ಎಂದು ಕೇಳುವಾಗ ಅವರ ದನಿ ಮೆತ್ತಗಿದೆ.

ಜಯಲತಾ ಕೈಗವಸು ಕಳಚಿ, ತಾವೇ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಬರೆಯುತ್ತಾರೆ. ಏನು ಬರೆದಿರಿ ಎಂದರೆ ಹಾಳೆಯನ್ನು ಈಚೆ ತಿರುಗಿಸುತ್ತಾರೆ:

"ಮನೆಯವರು ಬರುವವರಿದ್ದರು. ಹಸಿದ ಮುಖ ತೋರಿಸುವುದು ಸರಿಯಲ್ಲ."